ಲಾಂಗೊಲೆನ್‌ನಿಂದ ವಾಪಸ್ ಬರುವ ಕೊನೇ ದಿನಗಳು: ದಯವಿಟ್ಟು 46ನ್ನು 4ರಿಂದ ಭಾಗಿಸಬೇಡಿ

ಸಾರ್, ಊಟಕ್ಕೆ ಕೂತಿದ್ದವನು ಗುಂಪಿನಲ್ಲಿ ನೀವು ಹಾಕಿದ ಪ್ಲಾನ್ ಓದಿ ಎದ್ದು ಬಂದೆ. ಅಕ್ಟೋಬರ್ ಕೊನೇ ವಾರ, ಇಂಗ್ಲೆಂಡಿನ ನಾಂಟ್‌ವಿಚ್ ಹತ್ತಿರ ಬಾಡಿಗೆ ದೋಣಿ ಹತ್ತಿ ಕಾಲುವೆಯಲ್ಲಿ ವೇಲ್ಸ್‌ನ ಲಾಂಗೊಲೆನ್‌ಗೆ ಹೋಗಿ ಬರೋದು, ಸೋಮವಾರದಿಂದ ಸೋಮವಾರ. ಅಲ್ಲಿವರೆಗೂ ಸರಿ. ಆದರೆ "ಶನಿವಾರ ಬೆಳಗ್ಗೆ 9ಕ್ಕೆ ಲಾಂಗೊಲೆನ್ ಬಿಡ್ತೀವಿ, 46 ಮೈಲಿ, ಗಂಟೆಗೆ 4 ಮೈಲಿ, ಹನ್ನೊಂದೂವರೆ ಗಂಟೆ, ಎರಡು ದಿನ ಧಾರಾಳ" ಅಂತ ಬರೆದಿದ್ದೀರಲ್ಲ, 2018ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಅದೇ ವಾರ, ಅದೇ ಕಾಲುವೆ. ಸಾಲದ್ದಕ್ಕೆ ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು "ಬರುವಾಗ ಹರಿವು ನಮ್ಮ ಕಡೆಗೇ ಇರುತ್ತೆ, ಇನ್ನೂ ಬೇಗ ಬರ್ತೀರ" ಅಂತ ಧೈರ್ಯ ಬೇರೆ ತುಂಬಿದ್ದಾರೆ. ಅವರು ಬೇಸಿಗೆಯಲ್ಲಿ ಹೋಗಿ ಬಂದಿರಬೇಕು.

4 ಮೈಲಿ ಅನ್ನೋದು ಮಿತಿ ಸಾರ್, ನಿಮ್ಮ ವೇಗ ಅಲ್ಲ. ಔಟರ್ ರಿಂಗ್ ರೋಡಿನ ಬೋರ್ಡಿನಲ್ಲಿ ಎಷ್ಟು ಬರೆದಿದ್ದರೇನು, ನೀವು ಹೋಗೋದು ಎಷ್ಟರಲ್ಲಿ? ಕಟ್ಟಿ ನಿಲ್ಲಿಸಿದ ದೋಣಿ ಕಂಡಾಗಲೆಲ್ಲ ಟಿಕ್‌ಓವರ್‌ಗೆ, ಅಂದರೆ ಇಂಜಿನ್ನಿನ ಅತಿ ಕಡಿಮೆ ವೇಗಕ್ಕೆ ಇಳಿಸಬೇಕು. ಇಳಿಸದಿದ್ದರೆ ಒಳಗಿಂದ ಒಂದು ತಲೆ ಹೊರಗೆ ಬಂದು ಬೈಯುತ್ತೆ, ಅದೂ ಬಹಳ ಮರ್ಯಾದೆಯಾಗಿ. ಆಳ ಕಡಿಮೆ ಇರುವ ಕಡೆ ಥ್ರಾಟಲ್ ಜಾಸ್ತಿ ಕೊಟ್ಟರೆ ಹಿಂಭಾಗ ಕುಸಿದು ಕೂರುತ್ತೆ, ದಡದಲ್ಲಿ ಅಲೆ ಒಡೆಯುತ್ತೆ, ಡೀಸೆಲ್ ಹೋಗುತ್ತೆ, ದೋಣಿ ಮಾತ್ರ ಅಲ್ಲೇ. ಹಿಂದೆ ತಿರುಗಿ ನೋಡಿ, ದಡದಲ್ಲಿ ಬಿಳಿ ನೊರೆ ಕಂಡರೆ ಇಳಿಸಿ. ಇಳಿಸಿದ ಮೇಲೂ ವೇಗ ಹೆಚ್ಚುಕಮ್ಮಿ ಅಷ್ಟೇ ಇರೋದು ನೋಡಿ ನಿಮಗೇ ಆಶ್ಚರ್ಯ ಆಗುತ್ತೆ.

ಲೆಕ್ಕ ಹೀಗೆ ಹಾಕಿ: ಮೈಲಿ, ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನ ಏರಿಸಿ ಇಳಿಸೋ, ಎರಡೂ ಕಡೆ ಬಾಗಿಲಿರೋ ತೊಟ್ಟಿ) ಎರಡನ್ನೂ ಕೂಡಿಸಿ 3ರಿಂದ ಭಾಗಿಸಿ. 46 ಮೈಲಿ, 21 ಲಾಕ್, ಒಟ್ಟು 67. ಅಂದರೆ 22 ಗಂಟೆ ಚಿಲ್ಲರೆ. ಕೈ ಪಳಗಿದವರು 4ರಿಂದ ಭಾಗಿಸ್ತಾರೆ. ನೀವಿನ್ನೂ ಪಳಗಿಲ್ಲ, ಬೇಜಾರು ಮಾಡ್ಕೋಬೇಡಿ. ನೀರು ತುಂಬಿಸೋದು, ಟಾಯ್ಲೆಟ್ ಕ್ಯಾಸೆಟ್ ಖಾಲಿ ಮಾಡೋದು, ಲಾಕ್ ಮುಂದೆ ಕ್ಯೂ ನಿಲ್ಲೋದು ಇದರಲ್ಲಿ ಸೇರಿಲ್ಲ.

ಇನ್ನು ಬೆಳಕು. ಇದೇ ನನ್ನನ್ನ ಹೊಡೆದು ಹಾಕಿದ್ದು. ಅಕ್ಟೋಬರ್ ಕೊನೇ ಭಾನುವಾರ ಬೆಳಗಿನ ಜಾವ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಶನಿವಾರ ಸಂಜೆ 5:45ರ ಸುಮಾರಿಗೆ ಮುಳುಗಿದ ಸೂರ್ಯ ಭಾನುವಾರ 4:45ಕ್ಕೇ ಮುಳುಗಿಬಿಡ್ತಾನೆ. ನಾವೆಲ್ಲ "ಆಹಾ, ಒಂದು ಗಂಟೆ ಜಾಸ್ತಿ ನಿದ್ದೆ" ಅಂತ ಹೊದ್ದು ಮಲಗಿದ್ವಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನಿಗೆ ವರ್ಷವಿಡೀ ಸಂಜೆ ಆರು, ಆರೂವರೆಗೆ ಕತ್ತಲು. 4:45ಕ್ಕೆ ಕತ್ತಲಾಗುತ್ತೆ ಅನ್ನೋದು ತಲೆಯಲ್ಲಿ ಇಳಿಯೋದೇ ಇಲ್ಲ. ಬಾಡಿಗೆ ದೋಣಿಯನ್ನ ಕತ್ತಲಾದ ಮೇಲೆ ಓಡಿಸೋ ಹಾಗಿಲ್ಲ, ಇನ್ಶೂರೆನ್ಸ್ ಕೂಡ ಕೈ ಬಿಡುತ್ತೆ. ನಿಮ್ಮ ಶನಿವಾರ 9ರಿಂದ ಭಾನುವಾರ ಕತ್ತಲಾಗುವವರೆಗೆ ಬೆಳಕಿರೋದು ಹದಿನೆಂಟೂವರೆ ಗಂಟೆ. ಬೇಕಾಗಿರೋದು 22. ನೀವೇ ನೋಡಿ.

ಹರಿವಿನ ವಿಷಯ. ಲಾಂಗೊಲೆನ್ ಆಚೆ ಹಾರ್ಸ್‌ಶೂ ಫಾಲ್ಸ್ ಹತ್ತಿರ ಡೀ ನದಿಯಿಂದ ಬಿಡೋ ನೀರು ಕಾಲುವೆಯ ಕೆಳಗಿನ ತುದಿಯ ಹರ್ಲ್‌ಸ್ಟನ್ ಜಲಾಶಯದವರೆಗೂ ಹರೀತಾ ಬರುತ್ತೆ, ಅಲ್ಲಿಂದ ಕುಡಿಯೋ ನೀರಿಗೆ ಹೋಗುತ್ತೆ. ಹಾಗಾಗಿ ಹರಿವು ಇದೆ ಅನ್ನೋದು ನಿಜ. ಹೋಗುವಾಗ ಚಿರ್ಕ್ ಸುರಂಗದಲ್ಲಿ, ಟ್ರೆವರ್ ಊರು ದಾಟಿದ ಮೇಲಿನ ಇಕ್ಕಟ್ಟಿನಲ್ಲಿ ಅದು ನಿಮ್ಮನ್ನ ಎಳೆದು ಹಿಡಿಯುತ್ತೆ, ಬರುವಾಗ ಅದೇ ಜಾಗದಲ್ಲಿ ತಳ್ಳುತ್ತೆ. ಆದರೆ ಲಾಕಿಗೆ ಹರಿವಿನ ಹಂಗಿಲ್ಲ. ತುಂಬೋದಕ್ಕೆ, ಖಾಲಿ ಆಗೋದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಬೇಕೇ ಬೇಕು. ಮೇಲಾಗಿ ಹೆಚ್ಚಿನ ನೀರು ಲಾಕ್ ಪಕ್ಕದ ಬೈವಾಶ್ ಅನ್ನೋ ಸಣ್ಣ ತೋಡಿನಿಂದ ಕೆಳಗೆ ಧುಮುಕಿ, ಲಾಕಿನಿಂದ ಹೊರಗೆ ಬರೋ ದೋಣಿಯ ಮೂತಿಯನ್ನ ಪಕ್ಕಕ್ಕೆ ನೂಕುತ್ತೆ. ಮೊದಲ ಸಲ ನೂಕಿದಾಗ ನನ್ನ ಭಾವಮೈದ "ಯಾರೋ ಗುದ್ದಿದ್ರು" ಅಂತ ಹಿಂದೆ ತಿರುಗಿ ನೋಡಿದ್ದ.

ನಮಗೆ ಆದದ್ದು ಹೇಳ್ತೀನಿ. ನಾನು, ಹೆಂಡತಿ, ಭಾವಮೈದ, ಅವನ ಮಗಳು. 57 ಅಡಿ ದೋಣಿ, ಎರಡು ವಾರ. ಮೊದಲ ವಾರ ಚೆಸ್ಟರ್ ಕಡೆ ಹೋಗಿ ಬಂದು, ಎರಡನೇ ವಾರ ಲಾಂಗೊಲೆನ್. ಹನ್ನೆರಡು ದಿನ ಆದ ಮೇಲೆ ನಾವೆಲ್ಲ ಪಂಡಿತರಾಗಿಬಿಟ್ಟಿದ್ವಿ. ಶನಿವಾರ ಎಲ್ಸ್‌ಮಿಯರ್‌ನಲ್ಲಿ ಕೆರೆ ನೋಡ್ಕೊಂಡು, ಕಾಫಿ ಕುಡ್ಕೊಂಡು ಕಾಲ ಕಳೆದು, ರಾತ್ರಿ ವಿಟ್‌ಚರ್ಚ್ ಹತ್ತಿರ, ಗ್ರಿಂಡ್ಲಿ ಬ್ರೂಕ್ ಅನ್ನೋ ಕಡೆಯ ಲಾಕ್ ಸಾಲಿನ ಮೇಲ್ಗಡೆ ದೋಣಿ ಕಟ್ಟಿದ್ವಿ. "ನಾಳೆ ಒಂದೇ ದಿನಕ್ಕೆ ದೋಣಿ ವಾಪಸ್ ಕೊಡೋ ಬೇಸ್, ಸೋಮವಾರ 9ಕ್ಕೆ ಬೀಗ ಕೊಟ್ಟು ರೈಲು ಹತ್ತೋದು" ಅಂತ ಮಾತಾಡ್ಕೊಂಡು ಮಲಗಿದ್ವಿ. ಆಗ ಯಾರಾದರೂ ಎಣಿಸಿದ್ದರೆ ಗೊತ್ತಾಗ್ತಿತ್ತು: ಗ್ರಿಂಡ್ಲಿ ಬ್ರೂಕಿನಲ್ಲಿ 6 ಲಾಕ್, ಅದರ ಕೆಳಗೆ ಹರ್ಲ್‌ಸ್ಟನ್ ತನಕ ಇನ್ನೂ 13. ಹದಿನಾಲ್ಕು ಹದಿನೈದು ಮೈಲಿ ದಾರಿ ಬೇರೆ. ಹನ್ನೊಂದು ಗಂಟೆಯ ಕೆಲಸ, ಹತ್ತು ಗಂಟೆಯೂ ಇಲ್ಲದ ಹಗಲು.

ಗ್ರಿಂಡ್ಲಿ ಬ್ರೂಕಿನ ಮೇಲಿನ ಮೂರು ಲಾಕ್ ಸ್ಟೇರ್‌ಕೇಸ್. ಒಂದರ ಬಾಗಿಲೇ ಇನ್ನೊಂದರ ಬಾಗಿಲು, ಮೇಲೆ ಬರೋರು ಬರೋವರೆಗೂ ಇಳಿಯೋರು ಕಾಯಬೇಕು. ಅಕ್ಟೋಬರ್ ಕೊನೆಗೆ ಅಲ್ಲಿ ಶಾಲೆಗಳಿಗೆ ರಜೆ ಸಾರ್. ದಸರಾ ರಜೆ ಮುಗಿದ ಭಾನುವಾರ ಸಂಜೆ ನೆಲಮಂಗಲ ಟೋಲ್ ನೋಡಿದ್ದೀರಲ್ಲ? ಅದೇ. ಹಾರ್ನ್ ಒಂದಿಲ್ಲ ಅಷ್ಟೇ. 7:30ಕ್ಕೆ ಹೊರಟವರು ಆರೂ ಲಾಕ್ ಇಳಿದಾಗ 11 ದಾಟಿತ್ತು. ಆಮೇಲೆ ಊಟ ಇಲ್ಲ, ನಿಲ್ಲೋದಿಲ್ಲ. ರೆನ್‌ಬರಿ ಲಿಫ್ಟ್ ಬ್ರಿಜ್ ಎತ್ತಿ ನಾಲ್ಕು ಕಾರು, ಒಂದು ಟ್ರ್ಯಾಕ್ಟರ್ ನಿಲ್ಲಿಸಿ ದಾಟಿದ್ವಿ. ಟ್ರ್ಯಾಕ್ಟರಿನವನು ಕೈ ಬೀಸಿದ, ನನಗೆ ತಿರುಗಿ ಬೀಸೋ ಪುರುಸೊತ್ತೂ ಇರಲಿಲ್ಲ.

ಬ್ಯಾಡಿಲಿಯ ಎರಡನೇ ಲಾಕಿಗೆ ಬಂದಾಗ ಬೆಳಕು ಹೋಗ್ತಾ ಇತ್ತು. ಒಳಗೆ ಬಂದು, ಮುಂದಿನ ಬಾಗಿಲಿಗೆ ತಗುಲದಿರಲಿ ಅಂತ ರಿವರ್ಸ್ ಹಾಕಿ ನಿಲ್ಲಿಸಿದೆ. ನಿಲ್ಲಿಸಿದವನು ನ್ಯೂಟ್ರಲ್‌ಗೆ ತರದೆ ಟಾರ್ಚ್ ಹುಡುಕೋಕೆ ಬಗ್ಗಿದೆ. ಪೀಣ್ಯದಲ್ಲಿ 30 ವರ್ಷ ಲೇತ್ ಮುಂದೆ ನಿಂತವನು ನಾನು, ಹುಡುಗರಿಗೆ "ಮಷೀನ್ ಓಡ್ತಾ ಇರುವಾಗ ಕಣ್ಣು ತೆಗೀಬೇಡ್ರೋ" ಅಂತ ದಿನಾ ಬೈದವನು. ದೋಣಿ ಇಂಚಿಂಚಾಗಿ ಹಿಂದಕ್ಕೆ ಹೋಯ್ತು. ಪಕ್ಕದ ಗೋಡೆ ಮೇಲೆ ಸಿಲ್, ಅಂದರೆ ಮೇಲಿನ ಬಾಗಿಲ ಬುಡದ ನೀರೊಳಗಿನ ಕಟ್ಟೆ, ಎಲ್ಲಿದೆ ಅಂತ ಹೇಳೋ ಬಿಳಿ ಗೆರೆ ಇರುತ್ತಲ್ಲ, ಆ ಕತ್ತಲಲ್ಲಿ ನನಗೆ ಕಾಣಲೇ ಇಲ್ಲ. ಹೆಂಡತಿ ಕೆಳಗಿನ ಪ್ಯಾಡಲ್ (ನೀರು ಬಿಡೋ ತೂಬಿನ ಹಲಗೆ) ಎತ್ತಿದ್ದಳು, ನೀರು ಇಳೀತಾ ಇತ್ತು. ಕಾಲಡಿಯಲ್ಲಿ ಬಂಡೆಗೆ ಕಬ್ಬಿಣ ಉಜ್ಜಿದ ಹಾಗೆ ಒಂದು ಶಬ್ದ. ನಾನು ನಿಂತ ಜಾಗ ಮಾತ್ರ ಇಳೀತಿಲ್ಲ, ಮುಂದೆ ದೋಣಿ ಇಳೀತಾ ಇದೆ. ಒಳಗೆ ಒಲೆ ಮೇಲಿದ್ದ ಸಾರಿನ ಪಾತ್ರೆ ಜಾರಿ ಬಿದ್ದದ್ದು ಕೇಳಿಸ್ತು.

"ಬಿಡೇ, ಪ್ಯಾಡಲ್ ಬಿಡು" ಅಂತ ಕಿರುಚಿದೆ. ಅವಳು ಬುದ್ಧಿವಂತೆ, ಯಾಕೆ ಏನು ಕೇಳದೆ ಇಳಿಸಿಬಿಟ್ಟಳು. ಭಾವಮೈದನ ಮಗಳು ಮೇಲಿನ ಪ್ಯಾಡಲ್ ಅನ್ನ ಸ್ವಲ್ಪ ಸ್ವಲ್ಪವೇ ಎತ್ತಿ ನೀರು ಬಿಟ್ಟಳು, ದೋಣಿ ತೇಲಿತು. ಇನ್ನೊಂದು ನಿಮಿಷ ಆಗಿದ್ದರೆ ಮುಂಭಾಗ ಮುಳುಗಿ ನೀರು ಒಳಗೆ ಬರ್ತಿತ್ತು. ಈ ಕ್ರಮ ಬಾಯಿಪಾಠ ಮಾಡ್ಕೊಳ್ಳಿ: ಮೊದಲು ಕೆಳಗಿನದು ಮುಚ್ಚು, ಆಮೇಲೆ ಮೇಲಿನದು ನಿಧಾನ ತೆಗೆ. ಗಾಬರಿಯಲ್ಲಿ ಉಲ್ಟಾ ಮಾಡೋರಿದ್ದಾರೆ. ಇಳಿಯುವಾಗ ಒಬ್ಬರು ದಡದಲ್ಲಿ ನಿಂತು ಬರೀ ಆ ಗೆರೆ, ದೋಣಿಯ ಹಿಂಭಾಗ ಎರಡನ್ನೇ ನೋಡ್ತಾ ಇರಬೇಕು. ಫೋಟೊ ತೆಗೆಯೋದು, ಪಕ್ಕದ ದೋಣಿಯವರ ನಾಯಿ ಮಾತಾಡಿಸೋದು ಎಲ್ಲ ಆಮೇಲೆ.

ಆ ರಾತ್ರಿ ಲಾಕ್ ಕೆಳಗೇ ಕಟ್ಟಿ, ಬ್ರೆಡ್ ತಿಂದು ಮಲಗಿದ್ವಿ. ಸೋಮವಾರ 7ಕ್ಕೆ ಹೊರಟು ಬೇಸ್ ಸೇರಿದ್ದು 11 ದಾಟಿದ ಮೇಲೆ. ತಡ ಆಗಿದ್ದಕ್ಕೆ ಡಿಪಾಸಿಟ್‌ನಲ್ಲಿ ಕಟ್ ಮಾಡಿದ್ರು, ಅವರದ್ದೇನೂ ತಪ್ಪಿಲ್ಲ, ಮಧ್ಯಾಹ್ನಕ್ಕೆ ಬೇರೆ ಕುಟುಂಬ ಅದೇ ದೋಣಿಗೆ ಕಾಯ್ತಾ ಇತ್ತು. ಕ್ರೂ ಅನ್ನೋ ಊರಿನ ಸ್ಟೇಷನ್‌ನಿಂದ ಲಂಡನ್‌ಗೆ ಅಗ್ಗ ಅಂತ ಮುಂಗಡ ಟಿಕೆಟ್ ತಗೊಂಡಿದ್ದೆ. ಅದು ಆ ಒಂದು ರೈಲಿಗೆ ಮಾತ್ರ ನಡೆಯುತ್ತೆ. ನಾಲ್ಕು ಜನಕ್ಕೆ ಹೊಸ ಟಿಕೆಟ್. ಎಷ್ಟಾಯ್ತು ಅಂತ ಇವತ್ತಿಗೂ ಮನೆಯಲ್ಲಿ ಹೇಳಿಲ್ಲ, ಅವಳು ಈ ಗುಂಪಿನಲ್ಲಿ ಇಲ್ಲ ಅನ್ನೋ ಧೈರ್ಯದ ಮೇಲೆ ಇಷ್ಟು ಬರೀತಿದ್ದೀನಿ.

ಹಾಗಾದರೆ ಏನ್ ಮಾಡಬೇಕು ಅಂದ್ರೆ, ಲೆಕ್ಕ ಹಿಂದಿನಿಂದ ಹಾಕಿ. ಲಾಂಗೊಲೆನ್‌ನಿಂದ ಶುರು ಮಾಡಬೇಡಿ, ಸೋಮವಾರ 9 ಗಂಟೆಯಿಂದ ಶುರು ಮಾಡಿ. ಕೊನೇ ರಾತ್ರಿ ಕಟ್ಟೋ ಜಾಗಕ್ಕೂ ಬೇಸಿಗೂ ಮಧ್ಯೆ ಒಂದು ಲಾಕೂ ಇರಬಾರದು, ದಾರಿ ಒಂದು ಗಂಟೆಗಿಂತ ಜಾಸ್ತಿ ಇರಬಾರದು. ನಿಮಗೆ ಅಂದರೆ ಹರ್ಲ್‌ಸ್ಟನ್‌ನ ನಾಲ್ಕೂ ಲಾಕ್ ಇಳಿದು ಶ್ರಾಪ್‌ಶೈರ್ ಯೂನಿಯನ್ ಕಾಲುವೆಗೆ ಬಂದಿರಬೇಕು, ಭಾನುವಾರ ಮಧ್ಯಾಹ್ನ 3ರ ಒಳಗೆ. ಅದಕ್ಕೆ ಶನಿವಾರ ಗ್ರಿಂಡ್ಲಿ ಬ್ರೂಕ್ ಇಳಿದೇ ಮಲಗಬೇಕು, ಮೇಲೆ ಅಲ್ಲ. ಅದಕ್ಕೆ ಶುಕ್ರವಾರ ಬೆಳಗ್ಗೆ ಲಾಂಗೊಲೆನ್ ಬಿಡಬೇಕು. ಅಲ್ಲಿ ಒಂದೇ ರಾತ್ರಿ ಸಿಗುತ್ತೆ, ಎರಡಲ್ಲ. ಮಕ್ಕಳು ಅಳ್ತಾರೆ ಅಂದರೆ ದೋಣಿಯನ್ನ ಟ್ರೆವರ್‌ನಲ್ಲೇ ಬಿಟ್ಟು ದಡದ ದಾರಿಯಲ್ಲಿ ಲಾಂಗೊಲೆನ್‌ಗೆ ನಡೆದು ಹೋಗಿ ಬನ್ನಿ, ಸಮತಟ್ಟು ದಾರಿ. ಆ ಭಾಗದಲ್ಲಿ ಎರಡು ದೋಣಿ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ಜಾಗಗಳಿವೆ. ದೋಣಿಯಲ್ಲೇ ಹೋಗೋದಾದರೆ ಒಬ್ಬರನ್ನ ಮುಂದೆ ನಡೆಸಿ, ಫೋನಿನಲ್ಲಿ ಹೇಳಿಸ್ಕೊಳ್ಳಿ. ಕಾಲುವೆಯನ್ನೇ ಹೊತ್ತ ಸೇತುವೆ ಪಾಂಟ್‌ಕಸಾಲ್ಟೆ ಹೇಗೂ ಟ್ರೆವರ್‌ಗೆ ಮೊದಲೇ ಸಿಗುತ್ತೆ. 1805ರಲ್ಲಿ ಕಟ್ಟಿ ಮುಗಿಸಿದ್ದು, 126 ಅಡಿ ಎತ್ತರ, ಟಿಲ್ಲರ್ (ಚುಕ್ಕಾಣಿ) ಹಿಡಿದವನಿಗೆ ಒಂದು ಕಡೆ ಕಂಬಿಯೂ ಇಲ್ಲ, ತೊಟ್ಟಿಯ ಅಂಚು ಅಷ್ಟೇ. ನನ್ನ ಭಾವಮೈದ ಪೂರ್ತಿ ಹೊತ್ತು ಒಳಗೆ ಕೂತು ವಿಷ್ಣು ಸಹಸ್ರನಾಮ ಹೇಳಿದ.

ಕೆನಾಲ್‌ಪ್ಲಾನ್ ಅನ್ನೋ ದಾರಿ ಲೆಕ್ಕದ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿದೆ ಅಂತೀರಾ, ನೋಡಿ. ಆದರೆ ಅದರಲ್ಲಿ ವೇಗ, ಲಾಕಿನ ಸಮಯ ನೀವೇ ಬದಲಾಯಿಸಬಹುದು, ಮೊದಲು ವೇಗ ಇಳಿಸಿ, ಲಾಕಿನ ಸಮಯ ಏರಿಸಿ. ಕಾಲುವೆ ನೋಡ್ಕೊಳ್ಳೋ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಸ್ಟಾಪೇಜ್ ನೋಟಿಸ್ (ಎಲ್ಲಿ ದಾರಿ ಮುಚ್ಚಿದೆ ಅನ್ನೋ ಸೂಚನೆ) ಹೊರಡೋ ಮುಂಚೆ ಒಂದು ಸಲ, ಅಲ್ಲಿ ದಿನಾ ಸಂಜೆ ಒಂದು ಸಲ ನೋಡಿ. ಚಳಿಗಾಲದ ರಿಪೇರಿಗೆ ಕಾಲುವೆ ಮುಚ್ಚೋ ಕಾಲ ಹತ್ತಿರ ಇರುತ್ತೆ.

ಅಕ್ಟೋಬರ್ ಅಂದ ಮೇಲೆ ಎಲೆ. ಪ್ರೊಪೆಲ್ಲರ್‌ಗೆ ಸುತ್ಕೊಂಡು ದೋಣಿ ಮುಂದಕ್ಕೇ ಹೋಗಲ್ಲ, ಇಂಜಿನ್ ಮಾತ್ರ ಕೂಗುತ್ತೆ. ಒಂದು ಸಲ ಜೋರಾಗಿ ರಿವರ್ಸ್ ಕೊಟ್ಟರೆ ಉದುರಿ ಹೋಗುತ್ತೆ. ಹೋಗದಿದ್ದರೆ ಪ್ರೊಪೆಲ್ಲರ್ ಮೇಲಿರೋ ಮುಚ್ಚಳ, ವೀಡ್ ಹ್ಯಾಚ್, ತೆಗೀಬೇಕು. ಇಂಜಿನ್ ಆಫ್ ಮಾಡಿ ಕೀ ಜೇಬಲ್ಲಿ ಹಾಕ್ಕೊಂಡು ಆಮೇಲೆ ಕೈ ಒಳಗೆ ಹಾಕಿ, ಕೀ ಅಲ್ಲೇ ಬಿಡಬೇಡಿ. ಮುಚ್ಚುವಾಗ ಬಿಗಿಯಾಗಿ ಮುಚ್ಚಿ, ಇಲ್ಲದಿದ್ದರೆ ಇಂಜಿನ್ ಶುರುವಾದ ತಕ್ಷಣ ನೀರು ಒಳಗೇ ಬರುತ್ತೆ. ನಮಗೆ ಸಿಕ್ಕಿದ್ದು ಒಂದು ಗೊಬ್ಬರದ ಚೀಲ, ತರಕಾರಿ ಚಾಕುವಿನಲ್ಲಿ ಕುಯ್ದು ತೆಗೆಯೋಕೆ ಮುಕ್ಕಾಲು ಗಂಟೆ. ಪ್ರೊಪೆಲ್ಲರ್ ಶಾಫ್ಟಿಗೆ ಗ್ರೀಸ್ ಒತ್ತೋ ಸ್ಟರ್ನ್ ಗ್ರೀಸರ್ ಅನ್ನ ಮಾತ್ರ ನಾನು ದಿನಾ ಸಂಜೆ ಬಿಗಿ ಆಗೋವರೆಗೂ ತಿರುಗಿಸ್ತಿದ್ದೆ, ಅದರಲ್ಲಿ ತಪ್ಪಲಿಲ್ಲ.

ಪ್ಯಾಡಲ್ ಎತ್ತೋಕೆ ತಿರುಗಿಸೋ ಹಿಡಿ, ವಿಂಡ್‌ಲಾಸ್, ಎರಡು ಕೊಡ್ತಾರೆ, ಮೂರನೇದು ಕೇಳಿ ಇಸ್ಕೊಳ್ಳಿ. ಒಂದು ನೀರಿಗೆ ಬೀಳೋದು ಗ್ಯಾರಂಟಿ. ಸ್ಪಿಂಡಲ್ ಮೇಲೆ ಸಿಕ್ಕಿಸಿ ಬಿಟ್ಟು ಕೈ ತೆಗೀಬೇಡಿ. ಅದನ್ನ ತಡೆಯೋ ಹಲ್ಲು, ಪಾಲ್, ಜಾರಿದರೆ ಅದು ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತೆ. ಶ್ರಾಪ್‌ಶೈರ್ ಯೂನಿಯನ್‌ನಲ್ಲಿ ಕಟ್ಟುವಾಗ ದಡದ ಹತ್ತಿರ ನೀರಿನೊಳಗೆ ಒಂದು ಅಂಚು ಚಾಚಿಕೊಂಡಿರುತ್ತೆ, ದೋಣಿ ದಡಕ್ಕೆ ತಾಗೋದೇ ಇಲ್ಲ, ರಾತ್ರಿ ಎಲ್ಲ ದಡ್ ದಡ್ ಅಂತ ಬಡೀತಾ ಇರುತ್ತೆ. ಉಂಗುರ ಹಾಕಿರೋ ಜಾಗ ನೋಡಿ ಕಟ್ಟಿ. ತಲೆಗೆ ಕಟ್ಟೋ ಟಾರ್ಚ್ ಡೆಕಾಥ್ಲಾನ್‌ನಲ್ಲಿ ಇಲ್ಲೇ ತಗೊಂಡು ಹೋಗಿ, ಗ್ಲೋವ್ಸ್ ಕೂಡ. ದುಬಾರಿ ಜಾಕೆಟ್ ಬೇಡ, ಗ್ರೀಸ್ ಆದರೆ ಹೋಗಲ್ಲ.

ಅಡುಗೆ ಬಗ್ಗೆ ಕೇಳಿದ್ರಿ. ಎಂಟಿಆರ್ ರವಾ ಇಡ್ಲಿ ಮಿಕ್ಸ್, ಪುಳಿಯೋಗರೆ ಪುಡಿ, ಎರಡು ಲೀಟರ್ ಹಾಕಿನ್ಸ್ ಕುಕ್ಕರ್, ಸಾಕು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕೋ ಮುಂಚೆ ಸೈಡ್ ಹ್ಯಾಚ್ ತೆಗೀರಿ, ಇಲ್ಲದಿದ್ದರೆ ಹೊಗೆ ಅಲಾರಂ ಕಿರುಚಿ ಅಕ್ಕಪಕ್ಕದ ದೋಣಿಯವರೆಲ್ಲ ಎದ್ದು ಬರ್ತಾರೆ. ಅಲಾರಂನ ಬ್ಯಾಟರಿ ತೆಗೀಬೇಡಿ, ರಾತ್ರಿ ಒಲೆ ಉರೀತಾ ಇರುತ್ತೆ. ಕುಕ್ಕರಿಗೆ ಒಂದು ಗ್ಯಾಸ್ಕೆಟ್ ಎಕ್ಸ್‌ಟ್ರಾ ಇಟ್ಕೊಳ್ಳಿ.

ಪ್ಲಾನ್ ತಿದ್ದಿ ಮತ್ತೆ ಹಾಕಿ, ಶುಕ್ರವಾರ ಬೆಳಗ್ಗೆ ಎಷ್ಟು ಗಂಟೆಗೆ ಹೊರಡ್ತೀರ ಅನ್ನೋದು ಮೊದಲ ಸಾಲಿನಲ್ಲೇ ಇರಲಿ. ರೈಲು ಟಿಕೆಟ್ ಇನ್ನೂ ಮಾಡಿಸಿಲ್ಲ ತಾನೆ?