ಮನೆ ಲೆಕ್ಕ: ಮಗಳಿಗೆ ಮೆಟಾಲಿಕ್ ನೆಲ ಬೇಕಂತೆ, ಎಷ್ಟು ದುಡ್ಡು ಎತ್ತಿಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಎಂಟು ವರ್ಷದ ಹಿಂದೆ ಮನೆ ಹಿಂದಿನ ಧರೆ (ಗುಡ್ಡದ ಇಳಿಜಾರು) ಕಡಿದು ಒಂದು ಹಾಲ್ ಸೇರಿಸಿದ್ದೇವೆ. 20 ಅಡಿಗೆ 15 ಅಡಿ, ಬರೀ ಸಿಮೆಂಟ್ ನೆಲ. ಬರುವ ಮಾರ್ಚ್‌ನಲ್ಲಿ ಮಗಳ ಮದುವೆ. ಅವಳು ಮೊಬೈಲಿನಲ್ಲಿ ನೀಲಿ ನೀರು ಸುಳಿ ತಿರುಗಿದ ಹಾಗೆ ಕಾಣುವ ಮೆಟಾಲಿಕ್ ಎಪಾಕ್ಸಿ ನೆಲ (ಎರಡು ದ್ರವ ಕಲಸಿ ಸುರಿದು ಗಟ್ಟಿ ಮಾಡುವುದು) ನೋಡಿ ಅದೇ ಬೇಕು ಅಂತ ಕೂತಿದ್ದಾಳೆ. ಶಿವಮೊಗ್ಗದ ಒಬ್ಬರು ಚದರಡಿಗೆ 140 ರೂಪಾಯಿ ಹೇಳಿದರು, ಬೆಂಗಳೂರಿನವರು 320 ಹೇಳಿದರು. ಇಬ್ಬರೂ 3 ಎಂಎಂ ದಪ್ಪ ಅಂತಲೇ ಹೇಳುತ್ತಾರೆ. ನನ್ನ ಕೈಯಲ್ಲಿರುವುದು ಒಂದು ಲಕ್ಷ. ಇಷ್ಟೊಂದು ಫರಕು ಯಾಕೆ? ಸಾಲಿದರೆ ಹಳೇ ಮನೆಯ ರೆಡ್ ಆಕ್ಸೈಡ್ ನೆಲಕ್ಕೂ ಹಾಕಿಸಬಹುದಾ?

ಉತ್ತರ: ಅಡಿಕೆ ತೂಗುವಾಗ ತಕ್ಕಡಿ ಬಿಟ್ಟು ಕಣ್ಣು ತೆಗೆಯದವರು ನಾವು. ನೆಲ ಹಾಕಿಸುವಾಗ ಮಾತ್ರ ಚದರಡಿ ರೇಟ್ ಕೇಳಿ ಸುಮ್ಮನಾಗಿಬಿಡುತ್ತೇವೆ. ಎಪಾಕ್ಸಿಯನ್ನೂ ಕೆಜಿ ಲೆಕ್ಕದಲ್ಲೇ ಕೇಳಿ. ಒಂದು ಚದರಡಿಗೆ 1 ಎಂಎಂ ದಪ್ಪ ಬರಬೇಕಾದರೆ ಹತ್ತಿರ ಹತ್ತಿರ 100 ಗ್ರಾಂ ಮಾಲು ಬೇಕು, ರೆಸಿನ್ನು, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ರು ಎರಡೂ ಸೇರಿ. ನಿಮ್ಮ ಹಾಲ್ 300 ಚದರಡಿ. ಅಂದರೆ 1 ಎಂಎಂಗೆ 30 ಕೆಜಿ, 3 ಎಂಎಂಗೆ 90 ಕೆಜಿ. 140 ರೂಪಾಯಿಯಂತೆ ಒಟ್ಟು ಆಗುವುದು 42,000. ಅದರಲ್ಲಿ 90 ಕೆಜಿ ಮಾಲು, ನೆಲ ಉಜ್ಜುವ ಮೆಷಿನ್ನು, ನಾಲ್ಕೈದು ದಿನದ ಕೂಲಿ, ಮೇಲೆ ಅವರಿಗೂ ನಾಲ್ಕು ಕಾಸು, ಇಷ್ಟೆಲ್ಲ ಕೂಡಿಸಿ ನೋಡಿ. ನನಗಂತೂ ಕೂಡಲಿಲ್ಲ.

ಹಾಗಂತ ಅವರನ್ನು ಕಳ್ಳರು ಅನ್ನುತ್ತಿಲ್ಲ. ಬಾಯಲ್ಲಿ 3 ಎಂಎಂ ಅಂದು ನೆಲಕ್ಕೆ ಮುಕ್ಕಾಲು ಎಂಎಂ ಬಳಿಯುವುದು ಈ ಕೆಲಸದಲ್ಲಿ ರೂಢಿ ಆಗಿಹೋಗಿದೆ. "ಎಷ್ಟು ಕೆಜಿ ಇಳಿಸುತ್ತೀರಿ, ಬರೆದುಕೊಡಿ" ಅಂತ ಇಬ್ಬರನ್ನೂ ಕೇಳಿ. ಕೆಲಸದ ದಿನ ಡಬ್ಬಿ ಮೇಲಿನ ತೂಕ ನೀವೇ ಓದಿ, ಒಂದು ಚೀಟಿಯಲ್ಲಿ ಕೂಡಿಸಿ. ಮನೆಗೆ 3 ಎಂಎಂ ಬೇಕಾಗಿಯೂ ಇಲ್ಲ, ಅದು ಗೋಡೌನ್ ಮಾತು. ಎಲ್ಲ ಕೋಟ್ ಸೇರಿ 2 ಎಂಎಂ, ಅಂದರೆ 60 ಕೆಜಿ ನಿಜವಾಗಿ ಬಿದ್ದರೆ ಸಾಕು. ತೀರಾ ತೆಳು ಆದರೆ ನಿಮ್ಮ ಮಗಳು ನೋಡಿದ ಆ ಸುಳಿ ಬರುವುದಿಲ್ಲ. ಯಾಕೆಂದರೆ ಹೊಳೆಯುವುದು ಲೋಹ ಅಲ್ಲ, ಕಾಗೆಬಂಗಾರದ (ಮೈಕಾ) ನಯವಾದ ಪುಡಿ. ಅದು ದಪ್ಪ ಎಪಾಕ್ಸಿಯಲ್ಲಿ ತೇಲಿ, ಹರಿದು, ತಿರುಗಿ ನಿಂತರೇ ಆ ಬಣ್ಣ. ಹರಿಯಲು ಮಾಲಿಲ್ಲದಿದ್ದರೆ ರೋಲರ್ ಗೆರೆ ಕಾಣುತ್ತದೆ, ಅಷ್ಟೆ.

ಬೆಂಗಳೂರಿನವರ ಲೆಕ್ಕವನ್ನೂ ನೋಡೋಣ. 320 ರೂಪಾಯಿಯಂತೆ 96,000. ಒಂದು ಲಕ್ಷದೊಳಗೆ ಬಂತಲ್ಲ ಅಂತ ಖುಷಿಪಡಬೇಡಿ, ಶೇ. 18 ಜಿಎಸ್‌ಟಿ ಸೇರಿಸಿದರೆ 1,13,280. ಜೊತೆಗೆ 300 ಕಿಲೋಮೀಟರ್‌ಗಿಂತ ಜಾಸ್ತಿ ದೂರದಿಂದ ಮೆಷಿನ್ ಹೊತ್ತುಕೊಂಡು ಬರುವ ಗಾಡಿ ಬಾಡಿಗೆ, ಹುಡುಗರ ಊಟ, ವಸತಿ. ನೆಲ ಉಜ್ಜುವುದು, ಬಿರುಕು ತುಂಬುವುದು, ಪ್ರೈಮರ್, ಬಣ್ಣದ ಕೋಟ್, ಮೆಟಾಲಿಕ್ ಕೋಟ್, ಕೊನೆಯ ಪಿಯು (ಪಾಲಿಯುರೆಥೇನ್) ಟಾಪ್ ಕೋಟ್, ಇವೆಲ್ಲ ಆ 320ರಲ್ಲೇ ಇದೆಯಾ ಅಂತ ಒಂದೊಂದನ್ನೂ ಹೆಸರಿಟ್ಟು ಬರೆಸಿಕೊಳ್ಳಿ. ಪಿಯು ಕೋಟ್ ಬಿಟ್ಟು ರೇಟ್ ಇಳಿಸುವವರೇ ಜಾಸ್ತಿ. ಅದಿಲ್ಲದಿದ್ದರೆ ಕುರ್ಚಿ ಎಳೆದಲ್ಲೆಲ್ಲ ಗೀರು.

ಇದೆಲ್ಲ ಆಮೇಲಿನ ಮಾತು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಪದ ಬೇರೆ. ಧರೆ ಕಡಿದು ಕಟ್ಟಿದ ಹಾಲ್ ಅಂದಿರಲ್ಲ, ಅದು.

ನಮ್ಮ ಭಾವನ ಮನೆಯೂ ಹಾಗೇ, ಹಿಂದೆ ಧರೆ. ಜೂನ್ ಕೊನೆಯಲ್ಲಿ, ಮಳೆ ಹಿಡಿದ ಮೇಲೆ, ನಾನು ಬೇಡ ಬೇಡ ಅಂದರೂ ಕೇಳದೆ ಮೆಟಾಲಿಕ್ ಹಾಕಿಸಿದರು. ಮಾರನೇ ದಿನ ನೋಡಿದರೆ ಮೂಲೆಯಲ್ಲೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗೆ. ಎಪಾಕ್ಸಿ ಒಣಗುವ ಹೊತ್ತಿಗೆ ಗಾಳಿ ತೇವವಾಗಿ, ತಂಪಾಗಿ ಇದ್ದರೆ ಹಾಗಾಗುತ್ತದೆ. ಅದು ಹೋಗಲಿ ಅಂದುಕೊಂಡರೆ ಆಗಸ್ಟ್ ಹೊತ್ತಿಗೆ ನೆಲದಲ್ಲಿ ನೆಲ್ಲಿಕಾಯಿ ಗಾತ್ರದ ಗುಳ್ಳೆ. ಅಕ್ಕ ಹೆಬ್ಬೆರಳಲ್ಲಿ ಒತ್ತಿ ತೋರಿಸಿದಳು, ಧರೆಯಿಂದ ನೆಲದಡಿಗೆ ಬಂದ ನೀರು ಒಳಗೆ ಜರುಗುತ್ತಿತ್ತು. ಹಾಕಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಅಷ್ಟನ್ನೂ ಉಜ್ಜಿ ತೆಗೆಯಲು ಮತ್ತೆ ಕೂಲಿ.

ಆದ್ದರಿಂದ ಪರೀಕ್ಷೆ ಮಳೆಗಾಲದಲ್ಲಿ, ಕೆಲಸ ಮಳೆ ನಿಂತು ಒಣಗಿದ ಮೇಲೆ. ಜನ ಇದನ್ನೇ ತಿರುಗಿಸಿ ಮಾಡುತ್ತಾರೆ. ಜನವರಿಯಲ್ಲಿ ನೆಲ ಮುಟ್ಟಿ ನೋಡಿದರೆ ಒಣಗಿ ಇರುತ್ತದೆ, ಯಾವ ಮೇಸ್ತ್ರಿಯೂ ಪಾಸ್ ಮಾಡುತ್ತಾನೆ. ಈಗ, ಜಡಿಮಳೆ ಇರುವಾಗಲೇ, ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಧರೆ ಪಕ್ಕ ಒಂದು, ನಡುವೆ ಒಂದು, ಬಾಗಿಲ ಹತ್ತಿರ ಒಂದು. ಕಡಿಮೆ ಅಂದರೆ 16 ಗಂಟೆ ಇಡಬೇಕು, ನಮ್ಮ ಕಡೆ ನಾನು ಎರಡು ರಾತ್ರಿ ಇಡಲು ಹೇಳುತ್ತೇನೆ. ಎಬ್ಬಿಸಿದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಅಷ್ಟು ಜಾಗದ ಸಿಮೆಂಟ್ ಕಪ್ಪಾಗಿದ್ದರೆ, ನೀರು ಕೆಳಗಿನಿಂದ ಏಳುತ್ತಿದೆ. ಹಾಳೆಯ ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ನೆಲ ಬೆವರುವುದು ಅನ್ನುತ್ತೇವಲ್ಲ, ಅದು. ಅದಕ್ಕೆ ಹೆದರಬೇಕಿಲ್ಲ.

ಒಳಗೆ ಹನಿ ಕಂಡರೆ ನಿಮ್ಮ ಒಂದು ಲಕ್ಷದಲ್ಲಿ ಮೊದಲ ಖರ್ಚು ಧರೆ ಬುಡದ ಚರಂಡಿ. ಅದನ್ನು ಆಳ ಮಾಡಿ ನೀರು ಆಚೆ ಹೋಗುವ ಹಾಗೆ ಮಾಡಿ, ತೇವ ತಡೆಯುವ ಬೇರೆ ಪ್ರೈಮರ್‌ಗೆ ರೇಟ್ ಕೇಳಿ. ಅಷ್ಟಾದ ಮೇಲೂ ಹಾಳೆ ಒದ್ದೆ ಅಂದರೆ ಮಗಳಿಗೆ ಸಮಾಧಾನ ಹೇಳಿ ಟೈಲ್ಸ್ ಹಾಕಿಸಿ. ಒಣಗಿದ್ದರೆ ಶಿವಮೊಗ್ಗದವರನ್ನೇ ಮತ್ತೆ ಕರೆದು, 60 ಕೆಜಿ ಮಾಲು, ಪಿಯು ಟಾಪ್ ಕೋಟ್ ಸೇರಿ ಹೊಸದಾಗಿ ರೇಟ್ ಹಾಕಿ ಅನ್ನಿ. ತೆರಿಗೆ ಎಲ್ಲ ಸೇರಿ 85,000 ದಾಟದ ಹಾಗೆ ನೋಡಿಕೊಂಡು ಉಳಿದ 15,000 ಮುಟ್ಟಬೇಡಿ. ಬಾಗಿಲ ಅಡಿ ಹತ್ತರಿ ಹೊಡೆದು ತುಸು ಗಿಡ್ಡ ಮಾಡುವುದು, ಸ್ಕರ್ಟಿಂಗ್, ಉಜ್ಜಿದ ಧೂಳಿಗೆ ಗೋಡೆ ಬಣ್ಣ ಮತ್ತೊಮ್ಮೆ, ಇವು ಯಾರ ಕೊಟೇಶನ್‌ನಲ್ಲೂ ಇರುವುದಿಲ್ಲ.

ಕೆಲಸ ಜನವರಿಯಲ್ಲೇ ಮುಗಿಸಿ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಒಂದು ದಿನ, ಪೂರ್ತಿ ಗಟ್ಟಿಯಾಗಲು ಮತ್ತೆ ಒಂದು ವಾರ. ಮೆಟಾಲಿಕ್ ಕೋಟ್ ಬೆಳಿಗ್ಗೆಯೇ ಹಾಕಿಸಿ, ಸಂಜೆ ಆ ಹಾಲ್‌ನಲ್ಲಿ ದೀಪ ಹಾಕಬೇಡಿ. ನಮ್ಮ ಕಡೆ ಹಾತೆ ಕಾಟ ಗೊತ್ತಲ್ಲ, ಹಸಿ ಎಪಾಕ್ಸಿಗೆ ಬಿದ್ದರೆ ರೆಕ್ಕೆ ಸಮೇತ ಅಲ್ಲೇ ಶಾಶ್ವತ. ಹೊಸನಗರದ ಒಂದು ಮನೆಯಲ್ಲಿ ಸೋಫಾ ಎದುರಿಗೇ ಒಂದು ಇದೆ, ಮಕ್ಕಳು ಬಂದವರಿಗೆಲ್ಲ ತೋರಿಸುತ್ತಾರೆ.

ಇನ್ನು ಹಳೇ ಮನೆಯ ರೆಡ್ ಆಕ್ಸೈಡ್. ಅದನ್ನು ಮುಟ್ಟಬೇಡಿ. ವರ್ಷಗಟ್ಟಲೆ ಒರೆಸಿ ಒರೆಸಿ ಬಂದ ಹೊಳಪು ಅದು. ಅದರ ಮೇಲೆ ಎಪಾಕ್ಸಿ ಕೂರಬೇಕಾದರೆ ಆ ಹೊಳಪನ್ನೇ ಉಜ್ಜಿ ತೆಗೆಯಬೇಕು, ದುಡ್ಡು ಕೊಟ್ಟು.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಚಿಕ್ಕ ಮನೆ. 8 ಅಡಿಗೆ 8 ಅಡಿಯ ಓದುವ ಕೋಣೆಗೆ ಆನ್‌ಲೈನ್‌ನಲ್ಲಿ ಕಿಟ್ ತರಿಸಿ ನಾನೇ ಮೆಟಾಲಿಕ್ ಹಾಕಬಹುದಾ? ಕೂಲಿ ಉಳಿಯುತ್ತಲ್ವಾ?

ಉತ್ತರ: 64 ಚದರಡಿ ತಾನೇ, ಧೈರ್ಯ ಮಾಡಿ. 2 ಎಂಎಂಗೆ 13 ಕೆಜಿ ಆಸುಪಾಸು ಬೇಕು, ಕಿಟ್‌ನಲ್ಲಿ ಎಷ್ಟಿದೆ ಅಂತ ಮೊದಲು ಓದಿ. ಆದರೆ ಗ್ರೈಂಡಿಂಗ್ ಮಾತ್ರ ಮೆಷಿನ್ ಇರುವವರಿಂದಲೇ ಮಾಡಿಸಿ, ಮರಳು ಕಾಗದದಲ್ಲಿ ಉಜ್ಜಿದರೆ ಸಾಲದು. ಉಳಿದದ್ದು ಕೈಚಳಕಕ್ಕಿಂತ ಗಡಿಯಾರದ ಕೆಲಸ. ಎರಡು ಡಬ್ಬಿ ಕಲಸಿದ ಮೇಲೆ ನಿಮಗಿರುವುದು ಅರ್ಧ ಗಂಟೆ ಆಸುಪಾಸು, ಬೇಸಿಗೆಯಲ್ಲಿ ಅದಕ್ಕಿಂತ ಕಡಿಮೆ. ಕಲಸಿದ ತಕ್ಷಣ ನೆಲಕ್ಕೆ ಸುರಿದುಬಿಡಿ. ಬಕೆಟ್‌ನಲ್ಲೇ ಬಿಟ್ಟು ಫೋನಿಗೆ ಹೋದರೆ ಅದು ತನ್ನಷ್ಟಕ್ಕೇ ಕಾದು ಹೊಗೆಯಾಡುತ್ತದೆ. ಕಣ್ಣಳತೆಯಲ್ಲಿ ಕಲಸಬೇಡಿ, ಅಳತೆ ತಪ್ಪಿದರೆ ತಿಂಗಳಾದರೂ ಅಂಟಂಟು. ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ಮತ್ತೆ, ಬಾಗಿಲ ಕಡೆಯಿಂದ ಶುರು ಮಾಡಬೇಡಿ. ನಗಬೇಡಿ, ಮಾಡಿದವರಿದ್ದಾರೆ.

ಪ್ರಶ್ನೆ: ಸಾಗರದಲ್ಲಿ ನಮ್ಮ ಮನೆಗೆ ಬಿಳಿ-ಬೆಳ್ಳಿ ಬಣ್ಣದ ಮೆಟಾಲಿಕ್ ಹಾಕಿಸಿ ಎರಡು ವರ್ಷ. ಕಿಟಕಿ ಪಕ್ಕ ಮಾತ್ರ ಹಳದಿಯಾಗಿದೆ. ಅಷ್ಟೇ ಜಾಗ ಸರಿ ಮಾಡಿಸಲು ಎಷ್ಟಾಗಬಹುದು?

ಉತ್ತರ: ಬಿಸಿಲಿಗೆ ಎಪಾಕ್ಸಿ ಹಳದಿಯಾಗುವುದು ಅದರ ಗುಣ, ತಿಳಿ ಬಣ್ಣದಲ್ಲಿ ಬೇಗ ಕಾಣುತ್ತದೆ. ತೇಪೆ ಹಾಕಿಸಬೇಡಿ. ಆ ಸುಳಿ ಇನ್ನೊಮ್ಮೆ ಹಾಗೇ ಬರುವುದಿಲ್ಲ, ತೇಪೆ ಹಳದಿಗಿಂತ ಜಾಸ್ತಿ ಎದ್ದು ಕಾಣುತ್ತದೆ. ಸರಿ ಮಾಡಿಸುವುದಾದರೆ ಕೋಣೆ ಪೂರ್ತಿ, ಅಂದರೆ ಹೊಸದಕ್ಕೆ ಆದಷ್ಟೇ ಖರ್ಚು. ಸದ್ಯಕ್ಕೆ ಒಂದು ದಪ್ಪ ಪರದೆ ಹಾಕಿ, ಕಿಟಕಿ ಕೆಳಗೆ ಒಂದು ಚಾಪೆ ಹಾಸಿ.