ಟ್ರಂಕಿನ ಕೀಲಿಯನ್ನು ಅತ್ತೆಯವರಿಗೇ ಕೊಡಿ

ಪ್ರಿಯ ಸೋದರಿ,

ಸಿಂಧನೂರು ತಾಲ್ಲೂಕಿನ ನಿಮ್ಮ ಊರಿನಿಂದ ಬಂದ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಅತ್ತೆಯವರಿಗೆ ಸ್ತನ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬಲಗಡೆಯ ಶಸ್ತ್ರಚಿಕಿತ್ಸೆ ಮುಗಿದು ಎರಡು ಕೀಮೋ ಆಗಿವೆ. ಇಷ್ಟು ವರ್ಷ ಮನೆ ನಡೆಸಿದವರು ಈಗ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ‘ಒಂದು ಕಡ್ಡಿ ಎತ್ತಲೂ ಬಿಡದೆ ನೋಡಿಕೊಳ್ಳುತ್ತಿದ್ದೇವೆ, ಆದರೂ ಯಾಕೆ ಮಾತನ್ನೇ ಬಿಟ್ಟರು?’ ಎಂದು ಕೇಳಿದ್ದೀರಿ. ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತಿದೆ: ಮನೆಯಲ್ಲಿ ಕೈ ಸಾಲದೆಂದು ಒಂಬತ್ತನೇ ತರಗತಿಯ ಮಗಳನ್ನು ಶಾಲೆ ಬಿಡಿಸುವ ಯೋಚನೆ ನಡೆದಿದೆ.

ಅಂಚಿನ ಮಾತಿಗೇ ಮೊದಲ ಉತ್ತರ. ಬಿಡಿಸಬೇಡಿ. ಕೀಮೋ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಒಂಬತ್ತರಲ್ಲಿ ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ನಮ್ಮ ಭಾಗದಲ್ಲಿ ನಾನು ಕಂಡದ್ದು ಬಹಳ ಕಡಿಮೆ. ನಿಮ್ಮ ಯಜಮಾನರು, ಮೈದುನರು ಇಬ್ಬರೂ ಪತ್ರದಲ್ಲಿದ್ದಾರೆ. ಆದರೆ ನೀರು ತುಂಬುವಲ್ಲಿ, ಬಟ್ಟೆ ಒಗೆಯುವಲ್ಲಿ, ಗಂಜಿ ಕುಡಿಸುವಲ್ಲಿ ಅವರ ಸುಳಿವೇ ಇಲ್ಲ. ತಾಯಿಗೆ ಗಂಜಿ ಕಾಯಿಸಿ ಕೊಡುವುದನ್ನು ಮಗ ಒಂದು ವಾರದಲ್ಲಿ ಕಲಿಯಬಲ್ಲ.

ಇನ್ನು ಅತ್ತೆಯವರ ಮೌನ. ಪತ್ರದಲ್ಲಿ ನೀವೇ ಬರೆದ ಒಂದು ಸಾಲು ನನ್ನನ್ನು ನಿಲ್ಲಿಸಿತು: ‘ಅವರಿಗೆ ತೊಂದರೆ ಬೇಡವೆಂದು ಟ್ರಂಕಿನ ಕೀಲಿಯನ್ನು ನಾನೇ ಇಟ್ಟುಕೊಂಡಿದ್ದೇನೆ.’ ನಾಟಿಯ ಕೂಲಿಯನ್ನು ಈ ಸಲ ಮೈದುನರೇ ಕೊಟ್ಟರು, ಅಡುಗೆಗೆ ಏನೆಂದು ಈಗ ಯಾರೂ ಅವರನ್ನು ಕೇಳುವುದಿಲ್ಲ. ನೀವು ಪ್ರೀತಿಯಿಂದಲೇ ಮಾಡಿದ್ದೀರಿ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಭಾರ ಇಳಿಸಲು ಹೋಗಿ ಅವರ ಯಜಮಾನಿಕೆಯನ್ನೂ ಇಳಿಸಿಕೊಂಡಿರಿ. ತಾನು ಬದುಕಿರುವಾಗಲೇ ಮನೆ ತಾನಿಲ್ಲದ ಏರ್ಪಾಡು ಮಾಡಿಕೊಂಡಿತು ಎಂದು ಅವರಿಗೆ ಅನ್ನಿಸಿರಬಹುದು.

ಕೆಲಸದಲ್ಲಿ ಯಾವುದು ಕೂಡದು, ಯಾವುದು ಆದೀತು ಎಂದು ಬಿಡಿಸಿ ನೋಡಬೇಕು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ ಎಂದಿದ್ದೀರಿ. ಹಾಗಿದ್ದರೆ ಆ ಕೈ ಬಾತುಕೊಳ್ಳುವ ಸಂಭವವಿರುತ್ತದೆ. ಬಿಂದಿಗೆ ಎತ್ತುವುದು ಬೇಡ. ರೊಟ್ಟಿ ಬಡಿಯುವುದೂ ಸದ್ಯಕ್ಕೆ ಬೇಡ; ಒಂದೇ ಸಮನೆ ಬಡಿತ, ಪಕ್ಕದಲ್ಲೇ ಕಾದ ಹಂಚು, ಸುಟ್ಟ ಗಾಯ ಆ ಕೈಯಲ್ಲಿ ಬೇಗ ಕೀವಾಗಬಹುದು. ರಕ್ತದೊತ್ತಡ ನೋಡಲೂ ಸೂಜಿ ಚುಚ್ಚಲೂ ಎಡಗೈಯನ್ನೇ ಕೊಡಲಿ. ಜೋಳ ಹಸನು ಮಾಡುವುದು ಕುಳಿತು ಮಾಡುವ ಹಗುರ ಕೆಲಸದಂತೆ ಕಾಣುತ್ತದೆ, ಆದರೆ ಅದರ ದೂಳು ಈಗ ಅವರಿಗೆ ಒಳ್ಳೆಯದಲ್ಲ. ಹಾಗೆಂದು ಕೈಯನ್ನು ಅಲ್ಲಾಡಿಸದೆ ಇಡುವುದೂ ತಪ್ಪು. ಆಸ್ಪತ್ರೆಯಲ್ಲಿ ತೋರಿಸಿದ ಕೈ ವ್ಯಾಯಾಮ ದಿನವೂ ನಡೆಯಲಿ, ಸಂಜೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಲಿ. ಕೀಮೋದ ಸುಸ್ತು ಮಲಗಿದಷ್ಟಕ್ಕೇ ಹೋಗುವಂಥದಲ್ಲ, ಸ್ವಲ್ಪ ನಡೆದವರಿಗೆ ಅದು ಕಡಿಮೆಯಾಗುತ್ತದೆ. ಲೆಕ್ಕ ಬರೆಸುವುದು, ಅಕ್ಕಿ ಎಷ್ಟು ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂದು ಹೇಳುವುದು, ಹಬ್ಬಕ್ಕೆ ಯಾರಿಗೆ ಯಾವ ಬಟ್ಟೆ ಎಂದು ತೀರ್ಮಾನಿಸುವುದು, ಇವಕ್ಕೆ ಯಾವ ಕೈಯ ಬಲವೂ ಬೇಡ.

ನಿಮ್ಮವರಿಗೆ 21 ದಿನಕ್ಕೊಮ್ಮೆ ಕೀಮೋ. ಗೋಡೆಯ ಕ್ಯಾಲೆಂಡರಿನಲ್ಲಿ ಅದನ್ನು ಗುರುತು ಮಾಡಿ. ಮೊದಲ ಮೂರು ನಾಲ್ಕು ದಿನ ಸಾಮಾನ್ಯವಾಗಿ ವಾಕರಿಕೆ, ಊಟ ಸೇರದಿರುವುದು. ಬಾಯಿ ಹುಣ್ಣಾದರೆ ರೊಟ್ಟಿ ಇಳಿಯುವುದಿಲ್ಲ. ಆಗ ಜೋಳದ ನುಚ್ಚು, ಮೆತ್ತನೆಯ ಅನ್ನ, ಮಜ್ಜಿಗೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಎರಡನೇ ವಾರ ರಕ್ತದ ಬಿಳಿಕಣಗಳು ಇಳಿಯುವ ಹೊತ್ತು. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಗುಳಿಗೆ ನುಂಗಿಸಿ ಬೆಳಗಾಗಲೆಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಯಾವ ಆಸ್ಪತ್ರೆ, ಯಾರ ಗಾಡಿ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಮೂರನೇ ವಾರ ಮೈಗೆ ಕಸುವು ಮರಳುತ್ತದೆ. ಕೂಲಿ ಬಟವಾಡೆ, ನೆಂಟರ ಭೇಟಿ, ಸಂತೆಯ ಪಟ್ಟಿ ಎಲ್ಲವೂ ಆ ವಾರಕ್ಕಿರಲಿ.

ತಟ್ಟೆ ಲೋಟ ಬೇರೆ ಇಟ್ಟಿರುವುದನ್ನು ಇಂದೇ ನಿಲ್ಲಿಸಿ. ಕ್ಯಾನ್ಸರ್ ಅಂಟುರೋಗವಲ್ಲ. ಕೀಮೋ ಆದ ಎರಡು ದಿನ ಅವರ ವಾಂತಿ ಮೂತ್ರ ತೊಳೆಯುವಾಗ ಕೈಗವಸು ಹಾಕಿಕೊಂಡರೆ ಸಾಕು, ಅದು ಔಷಧಿಯ ಅಂಶಕ್ಕಾಗಿ ಮಾತ್ರ. ನೆಗಡಿಯಾದ ಮಗುವನ್ನು ಅಜ್ಜಿಯಿಂದ ದೂರ ಇಡಿ, ಅಜ್ಜಿಯನ್ನು ಮಗುವಿನಿಂದಲ್ಲ.

ರೋಗದ ಹೆಸರನ್ನು ಅವರಿಗೆ ಹೇಳಿಲ್ಲ, ‘ಗಂಟು’ ಎಂದಷ್ಟೇ ಹೇಳಿದ್ದೇವೆ ಎಂದಿದ್ದೀರಿ. ಕಿದ್ವಾಯಿ 1973ರಿಂದ ಇದೆ. ಇಂಥವರು ಕಿದ್ವಾಯಿಗೆ ಹೋಗಿದ್ದಾರೆ ಎಂದರೆ ನಮ್ಮ ಕಡೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಅರ್ಥವಾಗುತ್ತದೆ. ಅಲ್ಲಿಗೇ ಹೋಗಿ ಬಂದವರಿಗೆ ಆಗದೇ? ಬಳ್ಳಾರಿಯಲ್ಲಿ ನಾವೂ ಇದೇ ತಪ್ಪು ಮಾಡಿದೆವು. ಗಂಟಲಿನ ಕ್ಯಾನ್ಸರ್ ಆದ ತಂದೆಗೆ ನಾಲ್ಕು ತಿಂಗಳು ಅಲ್ಸರ್ ಎಂದೇ ಹೇಳಿದೆವು. ಆಸ್ಪತ್ರೆಯ ಬೋರ್ಡಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು, ಅವರು ಏಳನೇ ತರಗತಿ ಓದಿದವರು. ಒಂದು ರಾತ್ರಿ ರೈಲಿನಲ್ಲಿ ಕೇಳಿದರು: ‘ಆ ಹೆಸರು ಹೇಳಲು ನಿಮಗೇ ಹೆದರಿಕೆಯಾದರೆ ನಾನು ಯಾರ ಹತ್ತಿರ ಹೇಳಲಿ?’ ನಾಲ್ಕು ತಿಂಗಳು ಅವರು ಒಬ್ಬರೇ ಹೆದರಿದ್ದರು. ಇವತ್ತಿಗೂ ನನಗೆ ಅದನ್ನು ನೆನೆದರೆ ಎದೆ ಹಿಂಡುತ್ತದೆ. ನಿಮ್ಮ ಯಜಮಾನರು ತಾಯಿಯ ಪಕ್ಕ ಕುಳಿತು, ರೋಗದ ಹೆಸರು ಹಿಡಿದು ಮಾತಾಡಲಿ. ಅವರು ಅತ್ತರೆ ಅಳಲಿ, ಎದ್ದು ಹೋಗಬೇಡಿ.

ಖರ್ಚಿನ ಬಗ್ಗೆ ಎರಡು ಮಾತು. ಬಿಪಿಎಲ್ ಕಾರ್ಡ್ ಇದೆ ಎಂದಿದ್ದೀರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಿದ್ವಾಯಿಯ ಶಾಖಾ ಕೇಂದ್ರ ಕಲಬುರಗಿಯಲ್ಲಿದೆ, ಉಳಿದ ಕೀಮೋ ಅಲ್ಲಿ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡ 75. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಪಡೆಯಬೇಕು.

ಜೊತೆಗೆ ಹೋಗುವ ಆ ಒಬ್ಬರು ಪ್ರತಿ ಸಲವೂ ನೀವೇ ಆಗಬೇಕಿಲ್ಲ. ಎಲ್ಲರೂ ಮಲಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ ಈ ಪತ್ರ ಬರೆಯುತ್ತಿದ್ದೇನೆ ಎಂದಿದ್ದೀರಿ. ಮುಂದಿನ ಕೀಮೋಗೆ ಮೈದುನರನ್ನು ಕಳುಹಿಸಿ, ಆ ಎರಡು ರಾತ್ರಿ ನೀವು ಬೇಗ ಮಲಗಿ. ಹೊರಡುವ ಮುನ್ನ ಪ್ರಯಾಣದ ದುಡ್ಡನ್ನು ಟ್ರಂಕಿನಿಂದ ಅತ್ತೆಯವರೇ ತೆಗೆದುಕೊಡಲಿ.

ನಿಮ್ಮ,
ಸಂಪಾದಕ