‘ದೇವರು ನೋಡಿಕೊಳ್ಳುತ್ತಾನೆ’ ಎನ್ನುವವರಿಗೆ ಆಪ್ತಸಮಾಲೋಚಕರು ಏನು ಹೇಳಬೇಕು?

ಪ್ರಶ್ನೆ: ನಾನು ಟೆಕ್ಸಾಸ್‌ನ ಒಂದು ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚಕಿ. ಬರುವವರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ ಮೂಲದವರೇ ಹೆಚ್ಚು. ‘ನನಗೆ ನೆರ್ವಿಯೋಸ್’, ‘ಸುಸ್ತೊ ಹಿಡಿದಿದೆ’ ಅನ್ನುತ್ತಾರೆ. ಖಿನ್ನತೆ ಅಂದ ಕೂಡಲೇ ಮುಖ ಬಿಗಿಯುತ್ತದೆ, ಮತ್ತೆ ಬರುವುದಿಲ್ಲ. ಪ್ರಾರ್ಥನೆಯೇ ಸಾಕು ಎನ್ನುವವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಒಪ್ಪಿಸಲು ಹೊರಡಬೇಡಿ, ಮೊದಲು ಕೇಳಿಸಿಕೊಳ್ಳಿ. ಸುಸ್ತೊ ನಮ್ಮ ಕಿವಿಗೆ ‘ಸುಸ್ತು’ ಅಂತಲೇ ಬೀಳುತ್ತದೆ, ಆದರೆ ಅದು ಆಯಾಸವಲ್ಲ. ಬೆಚ್ಚಿಬಿದ್ದಾಗ ಆತ್ಮ ಮೈಬಿಟ್ಟು ಹೋಯಿತು ಎಂಬ ನಂಬಿಕೆ. ನೆರ್ವಿಯೋಸ್ ಅಂದರೆ ತಲೆನೋವು, ನಡುಕ, ನಿದ್ದೆಗೇಡು, ಸಣ್ಣದಕ್ಕೂ ಅಳು. ಮನೋರೋಗಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಇವೆರಡೂ ಇವೆ. ನಮ್ಮ ಕಡೆಯ ಧಾತು ದೌರ್ಬಲ್ಯವೂ ಅದೇ ಪಟ್ಟಿಯಲ್ಲಿದೆ.

ಅದೇ ಕೈಪಿಡಿಯಲ್ಲಿ ಸಾಂಸ್ಕೃತಿಕ ಸಂದರ್ಶನಕ್ಕೆಂದು 16 ಪ್ರಶ್ನೆಗಳಿವೆ. ಮೊದಲ ಭೇಟಿಗೆ ಮೂರು ಸಾಕು: ಈ ತೊಂದರೆಗೆ ನೀವು ಏನನ್ನುತ್ತೀರಿ? ಯಾಕೆ ಬಂತು ಅನಿಸುತ್ತದೆ? ಇಲ್ಲಿಯವರೆಗೆ ಯಾರ ಹತ್ತಿರ ಹೋಗಿದ್ದಿರಿ? ಅವರು ಹೇಳಿದ ಪದವನ್ನೇ ನೀವೂ ಬಳಸಿ. ‘ಥೆರಪಿ’ ಎನ್ನುವ ಬದಲು ದೆಸಾಓಗಾರ್ಸೆ ಎನ್ನಿ, ಎದೆಯಲ್ಲಿದ್ದದ್ದನ್ನು ಹೇಳಿ ಹಗುರಾಗುವುದು. ಹುಚ್ಚಿನ ಹಣೆಪಟ್ಟಿಗೆ ಹೆದರುವವರೂ ಆ ಪದಕ್ಕೆ ಹೆದರುವುದಿಲ್ಲ. ಮೊದಲ ಹತ್ತು ನಿಮಿಷ ಊರು, ಮಕ್ಕಳು, ಅಮ್ಮನ ಆರೋಗ್ಯ ಕೇಳಿದರೆ ಹೊತ್ತು ಹಾಳಾಗದು. ನೇರ ಅರ್ಜಿ ನಮೂನೆ ಮುಂದಿಟ್ಟರೆ ಅದು ಅವರಿಗೆ ಅಗೌರವ.

ಭಾಷೆಯ ವಿಷಯದಲ್ಲಿ ಎಡವುವವರೇ ಹೆಚ್ಚು. ಹತ್ತು ವರ್ಷದ ಮಗನನ್ನು ದುಭಾಷಿಯಾಗಿ ಕೂರಿಸಿದರೆ ತಾಯಿ ‘ಸಾಯಬೇಕು ಅನಿಸುತ್ತದೆ’ ಎಂದು ಹೇಳುವುದು ಹೇಗೆ? ಗ್ವಾಟೆಮಾಲಾದ ಎಷ್ಟೋ ಜನರ ಮನೆಮಾತು ಸ್ಪ್ಯಾನಿಷ್ ಅಲ್ಲ, ಮಾಮ್ ಅಥವಾ ಕಿಚೆ. ಅವರು ಸುಮ್ಮನೆ ತಲೆಯಾಡಿಸಿದರೆ ಅರ್ಥವಾಯಿತು ಎಂದುಕೊಳ್ಳಬೇಡಿ. ಯಾವ ಭಾಷೆಯ ದುಭಾಷಿ ಬೇಕೆಂದು ಮೊದಲೇ ಕೇಳಿ.

ಇನ್ನು ನಂಬಿಕೆ. ಎಲ್ಲರೂ ಕ್ಯಾಥೊಲಿಕರಲ್ಲ, ಪೆಂಟೆಕೋಸ್ಟಲರಿದ್ದಾರೆ, ಯಾವ ಧರ್ಮವನ್ನೂ ಹೇಳಿಕೊಳ್ಳದವರೂ ಇದ್ದಾರೆ, ಹಾಗಾಗಿ ಕೇಳಿಯೇ ತಿಳಿಯಿರಿ. ಕ್ಯಾಥೊಲಿಕರಲ್ಲಿ ಸಾವಿನ ನಂತರ ಒಂಬತ್ತು ದಿನ ನೊವೆನಾರಿಯೊ ಪ್ರಾರ್ಥನೆ ನಡೆಯುತ್ತದೆ, ಆ ದಿನಗಳಲ್ಲಿ ಭೇಟಿ ಇಡಬೇಡಿ. ತೀರಿಹೋದವರ ದನಿ ಕೇಳಿತು ಎಂದರೆ ತಕ್ಷಣ ಮನೋವಿಕಾರದ ಪಟ್ಟಿ ಕಟ್ಟಬೇಡಿ, ದುಃಖದಲ್ಲಿ ಅದು ಸಹಜ. ಆ ದನಿ ‘ಬಾ’ ಎಂದು ಕರೆಯುತ್ತಿದೆಯೇ ಎಂದು ಮಾತ್ರ ಕೇಳಲೇಬೇಕು.

ಖಿನ್ನತೆಗೆ ಔಷಧಿ ಶುರುವಾದವರಿಗೆ ಗುಳಿಗೆಯನ್ನು ರಾತ್ರಿಯ ಜಪಮಾಲೆಯ ಹೊತ್ತಿಗೆ ಜೋಡಿಸಿ. ಗುಣ ಕಾಣಲು ನಾಲ್ಕರಿಂದ ಆರು ವಾರ ಹಿಡಿಯಬಹುದು, ಮೊದಲ ವಾರಗಳಲ್ಲಿ ಹೊಟ್ಟೆ ತೊಳಸಬಹುದು ಎಂದು ಮುಂಚೆಯೇ ಹೇಳಿ. ಹೇಳದಿದ್ದರೆ ‘ನಂಬಿಕೆ ಕಡಿಮೆಯಾಯಿತು, ಅದಕ್ಕೇ ಹೀಗೆ’ ಎಂದು ತಟ್ಟನೆ ನಿಲ್ಲಿಸುತ್ತಾರೆ. ಆಗ ತಲೆ ತಿರುಗುವುದು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು ಶುರುವಾಗಿ, ಅದೇ ಔಷಧಿಯ ದೋಷಕ್ಕೆ ಸಾಕ್ಷಿಯಾಗಿಬಿಡುತ್ತದೆ.

ಕುರಾಂದೆರಾ, ಅಂದರೆ ನಾಟಿ ವೈದ್ಯೆ, ಮೊಟ್ಟೆಯನ್ನು ಮೈಮೇಲೆ ಸವರಿ ನೀರಿನ ಲೋಟಕ್ಕೆ ಒಡೆದು ನೋಡುವುದಕ್ಕೆ ಅಡ್ಡಿ ಮಾಡಬೇಡಿ. ಎರಡನ್ನು ಮಾತ್ರ ತಡೆಯಿರಿ. ಯೆರ್ಬಾ ದೆ ಸಾನ್ ಹ್ವಾನ್ (ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ) ಕಷಾಯ ಖಿನ್ನತೆಯ ಗುಳಿಗೆಯ ಜೊತೆ ಸೇರಿದರೆ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕ ಅತಿಯಾಗಿ ಅಪಾಯ. ಹೊಟ್ಟೆಯ ತೊಂದರೆಗೆ ಕೊಡುವ ಗ್ರೆತಾ, ಅಸಾರ್ಕೋನ್ ಪುಡಿಗಳಲ್ಲಿ ಇರುವುದು ಸೀಸ. ಮಕ್ಕಳ ಮೆದುಳಿಗೆ ವಿಷ. ಬೈಯದೆ, ‘ಮನೆಯಲ್ಲಿ ಏನೇನು ಕುಡಿಯುತ್ತೀರಿ? ಪೊಟ್ಟಣ ತಂದು ತೋರಿಸುತ್ತೀರಾ?’ ಎಂದು ಕೇಳಿ.

ಪಾದ್ರಿಯ ಜೊತೆ ಮಾತಾಡಬೇಕಾದರೆ ರೋಗಿಯ ಲಿಖಿತ ಒಪ್ಪಿಗೆ ಪಡೆಯಿರಿ. ಅವರಲ್ಲಿ ಒಂದೇ ಕೋರಿಕೆ ಇಡಿ: ಪ್ರಾರ್ಥಿಸಿ, ಔಷಧಿ ಬಿಡಲು ಮಾತ್ರ ಹೇಳಬೇಡಿ.

ಮತ್ತೊಂದು ಮಾತು. ‘ದೇವರಿಗೆ ಹೆದರುತ್ತೇನೆ, ಜೀವ ತೆಗೆದುಕೊಳ್ಳುವುದಿಲ್ಲ’ ಎಂಬ ಉತ್ತರಕ್ಕೆ ನೆಮ್ಮದಿಪಟ್ಟು ಅಲ್ಲಿಗೇ ನಿಲ್ಲಬೇಡಿ. ‘ದೇವರು ಕರೆದುಕೊಂಡರೆ ಸಾಕು’ ಎನ್ನಿಸುತ್ತದೆಯೇ ಎಂದೂ ಕೇಳಿ. ಆತ್ಮಹತ್ಯೆಯ ಯೋಚನೆ ಆ ಮಾತಿನೊಳಗೆ ಅಡಗಿರಬಹುದು. ತುರ್ತಿಗೆ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ 2 ಒತ್ತಿದರೆ ಸ್ಪ್ಯಾನಿಷ್‌ನಲ್ಲೇ ಮಾತಾಡುತ್ತಾರೆ. ಆ ಸಂಖ್ಯೆಯನ್ನು ಅವರು ಹೊರಡುವ ಮುನ್ನವೇ ಅವರ ಫೋನಿನಲ್ಲಿ ಉಳಿಸಿಕೊಡಿ.